ಕಾಲು ಕಚ್ಚಿದವರನ್ನು ತಳ್ಳಬೇಡಿ

ಬಸ್ ಹತ್ತಲು ಹೊರಟ ಹಿರಿಯರೊಬ್ಬರು ಬಾಗಿಲ ಬಳಿ ಗಕ್ಕನೆ ನಿಂತುಬಿಡುತ್ತಾರೆ. 'ಬೇಗ ಹತ್ರೀ ಯಜಮಾನ್ರೇ' ಎಂದು ಕಂಡಕ್ಟರ್ ಕೂಗುತ್ತಾನೆ. 'ಬೆಳಿಗ್ಗೇನೇ ಏರಿಸ್ಕೊಂಡು ಬಂದವ್ರೆ' ಎಂದು ಹಿಂದಿನಿಂದ ಕುಹಕ. ಕುಡಿತವಲ್ಲ ಸ್ವಾಮಿ, ಅದು ಪಾರ್ಕಿನ್ಸನ್ ಕಾಯಿಲೆ!

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವಿವರಿಸಿದ ಈ ರೋಗವೆಂದರೆ ಬರೀ ಕೈ ನಡುಕ ಎಂದೇ ಜನ ತಿಳಿದಿದ್ದಾರೆ. ರೋಗ ಹಳತಾದಂತೆ ಹಲವರ ನಡಿಗೆಯೂ ಕೆಡುತ್ತದೆ. ಬಾಗಿಲು, ತಿರುವು, ನೂಕುನುಗ್ಗಲು, ಅವಸರ ಇದ್ದಲ್ಲಿ ಪಾದ ನೆಲಕ್ಕೆ ಅಂಟಿದಂತಾಗುತ್ತದೆ. ಬುದ್ಧಿ 'ನಡೆ' ಎನ್ನುತ್ತದೆ, ಕಾಲು ಕೇಳುವುದಿಲ್ಲ. ಆಗ ತಳ್ಳಿದರೆ ಮೈ ಮುಂದಕ್ಕೆ, ಕಾಲು ಅಲ್ಲೇ. ಬಿದ್ದರೆ ಸೊಂಟದ ಮೂಳೆಗೇ ಸಂಚಕಾರ.

ಸೋಜಿಗವೆಂದರೆ, ಸಪಾಟು ನೆಲದಲ್ಲಿ ಕಚ್ಚಿಕೊಂಡ ಕಾಲು ಅಡ್ಡಗೆರೆ ಕಂಡರೆ ಅದನ್ನು ದಾಟಲು ಮೇಲೇಳುತ್ತದೆ. 'ಒಂದು, ಎರಡು' ಎಂದು ಎಣಿಸಿದರೂ ಹಲವರು ಹೆಜ್ಜೆ ಕೀಳುತ್ತಾರೆ.

ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯ ಮುಂದೆ ಹೆಜ್ಜೆಗೊಂದು ಬಿಳಿ ಗೆರೆ ಎಳೆಯಲು ಎಷ್ಟು ಬಣ್ಣ ಬೇಕು? ಮಂತ್ರಿಗಳು ಬಂದಾಗ ರಸ್ತೆ ಬದಿಗೆ ಬಳಿಯುವುದರಲ್ಲಿ ಒಂದು ಡಬ್ಬ ಉಳಿಸಿದರೆ ಸಾಕು. ಕಂಡಕ್ಟರು ಅರ್ಧ ನಿಮಿಷ ಸೀಟಿ ತಡೆದರೆ ಬಸ್ಸೇನೂ ಮುಳುಗಿಹೋಗದು.

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ? ಅಥವಾ ಅವರ ಕಾಲೂ ಕಚ್ಚಿಕೊಂಡಿದೆಯೇ?