ಮಾಡಿ ನೋಡುವವರಿಗಾಗಿ ಬರೆಯುವವರು

ಮೇ ತಿಂಗಳು ಮುಗಿಯುತ್ತ ಬಂದು ಪಡುವಣ ಕಡಲಿನ ಮೇಲೆ ಮೋಡ ಕವಿಯತೊಡಗಿತೆಂದರೆ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಡಿಕೆ ತೋಟಗಳಲ್ಲಿ ಎಲ್ಲರಿಗೂ ಒಂದೇ ಅವಸರ. ಮಳೆ ಹಿಡಿಯುವುದರೊಳಗೆ ಗೊನೆಗಳಿಗೆ ಮದ್ದು ಬೀಳಬೇಕು. ಅಂಗಳದಲ್ಲಿ ಪೀಪಾಯಿಗಳು ಸಾಲಾಗಿ ನಿಲ್ಲುತ್ತವೆ. ಒಂದರಲ್ಲಿ 50 ಲೀಟರು ನೀರಿಗೆ 1 ಕಿಲೋ ಮೈಲುತುತ್ತು. ಇನ್ನೊಂದರಲ್ಲಿ ಅಷ್ಟೇ ನೀರಿಗೆ ಅಷ್ಟೇ ಸುಣ್ಣ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕೇ ಹೊರತು ಸುಣ್ಣವನ್ನು ತುತ್ತಿನ ನೀರಿಗೆ ಸುರಿಯಕೂಡದು. ಕಬ್ಬಿಣದ ಪಾತ್ರೆ ಸಲ್ಲದು. ಬೆರೆಸಿಯಾದ ಮೇಲೆ ಹೊಳೆಯುವ ಚಾಕುವೊಂದನ್ನು ಅದರಲ್ಲಿ ಅದ್ದಿ ನೋಡಬೇಕು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಬೆರೆಸಿದ್ದನ್ನು ಅಂದೇ ಬಳಸಿ ಮುಗಿಸಬೇಕು.

ಇವುಗಳಲ್ಲಿ ಒಂದು ಮಾತು ತಪ್ಪಿದರೂ ಮದ್ದು ಕೆಡುತ್ತದೆ. ತುತ್ತು ಹೆಚ್ಚಾದರೆ ಎಳೆಯ ಕಾಯಿ ಸುಡುತ್ತದೆ. ಬೆರೆಸುವ ಕ್ರಮ ತಲೆಕೆಳಗಾದರೆ ಮದ್ದು ಗಸಿಗಟ್ಟಿ ತಳಕ್ಕಿಳಿಯುತ್ತದೆ, ಗೊನೆಗೆ ಅಂಟುವುದಿಲ್ಲ. ಆಷಾಢದ ಮಳೆಯಲ್ಲಿ ಮಹಾಳಿ ರೋಗ ಬಂದು ಹಸುರು ಕಾಯಿ ಕೊಳೆತು ಉದುರತೊಡಗಿದಾಗ, ಆ ತಪ್ಪು ಯಾವ ದಿನ ಯಾವ ಪೀಪಾಯಿಯಲ್ಲಿ ನಡೆಯಿತೆಂದು ಯಾರು ಹೇಳಬೇಕು? ಮಗಳ ಮದುವೆ ಮುಂದಕ್ಕೆ ಹೋಗುವುದು, ಮಗನ ಕಾಲೇಜಿನ ಹಣಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತುವುದು, ಇವೆಲ್ಲ ಆಮೇಲಿನ ಸಂಗತಿಗಳು.

ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಈ ಮದ್ದನ್ನು ಪ್ರೊಫೆಸರ್ ಮಿಲಾರ್ಡೆ 1885ರಲ್ಲಿ ಲೋಕಕ್ಕೆ ತಿಳಿಸಿದನು. ಅಡಿಕೆಯ ಕೊಳೆರೋಗವನ್ನು ಕುರಿತು ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಬರೆದನು. ಇವರ ಹೆಸರುಗಳು ಗ್ರಂಥಗಳಲ್ಲಿವೆ. ಆದರೆ ಇಂಗ್ಲಿಷಿನ ಆ ವರದಿಗೂ ಅಂಗಳದ ಪೀಪಾಯಿಗೂ ನಡುವೆ ಇನ್ನೊಬ್ಬನಿದ್ದಾನೆ. "ಶೇಕಡಾ ಒಂದರ ದ್ರಾವಣ" ಎಂದು ಬಿಟ್ಟುಬಿಡದೆ, ಎಷ್ಟು ಕಿಲೋ, ಎಷ್ಟು ಕೊಡ, ಮೊದಲು ಯಾವುದು, ಆಮೇಲೆ ಯಾವುದು ಎಂದು ಕನ್ನಡದಲ್ಲಿ ಬಿಡಿಸಿ ಬರೆದವನು ಅವನು. ಅವನ ಹೆಸರು ಎಲ್ಲಿಯೂ ಇಲ್ಲ. ಆ ಕೆಲಸವನ್ನೇ ಇಂದು ತಾಂತ್ರಿಕ ಬರವಣಿಗೆ ಎನ್ನುತ್ತಾರೆ.

ಮನೆಯ ಮಗನೋ ಮಗಳೋ "ಬರೆದು ಬಾಳುತ್ತೇನೆ" ಎಂದರೆ ತಂದೆತಾಯಿಗಳ ಎದೆ ಇಂದಿಗೂ ಒಮ್ಮೆ ಧಸಕ್ಕೆನ್ನುತ್ತದೆ. ಬರವಣಿಗೆಯೆಂದರೆ ಕಥೆ, ಕಾದಂಬರಿ, ಕವನ, ಹೊಟ್ಟೆಗೇನು ಗತಿ? ಆದರೆ ಈ ಬರಹದ ಧರ್ಮವೇ ಬೇರೆ. ಧಾರಾವಾಹಿಯ ಲೇಖಕನು ನಾಯಕಿಯನ್ನು ಬಾವಿಕಟ್ಟೆಯ ಮೇಲೆ ನಿಲ್ಲಿಸಿ ಮುಂದಿನ ವಾರಕ್ಕೆ ಹೋಗಬಹುದು. ಪಂಪು ಜೋಡಿಸುವ ವಿಧಾನವನ್ನು ಬರೆಯುವವನಿಗೆ ಆ ಸೌಕರ್ಯವಿಲ್ಲ.

ಇದು ಪರದೇಶದಿಂದ ಬಂದ ವಿದ್ಯೆಯೆಂದು ಭಾವಿಸಬೇಕಾಗಿಲ್ಲ. ಚಾವುಂಡರಾಯನು 1025ರಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಮಳೆಯ ಲಕ್ಷಣ, ನೆಲದಡಿಯ ನೀರಿನ ಗುರುತು, ಗಿಡಮರಗಳ ಚಿಕಿತ್ಸೆ, ಪಾಕವಿಧಾನ ಎಲ್ಲವೂ ಉಂಟು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನೂ ಕೀರ್ತಿವರ್ಮನು 'ಗೋವೈದ್ಯ'ವನ್ನೂ ಕನ್ನಡದಲ್ಲಿಯೇ ಬರೆದರು. ಕಾವ್ಯದ ಚರಿತ್ರೆಯಲ್ಲಿ ಇವರಿಗೆ ಸಿಕ್ಕಿದ್ದು ಪಂಕ್ತಿಯ ಕೊನೆಯ ಎಲೆ. ಅದು ನ್ಯಾಯವೆಂದು ಹೇಳುವುದು ಕಷ್ಟ.

ಅಕ್ಷರದಲ್ಲಿ ಎಚ್ಚರಿಕೆ ಎಂದರೇನೆಂಬುದನ್ನು ಮೂಡುಬಿದಿರೆಯ ಭಂಡಾರಗಳಲ್ಲಿ ಕಾಣಬಹುದು. ವೀರಸೇನಾಚಾರ್ಯರ 'ಧವಲಾ' ಟೀಕೆ ನೂರಾರು ವರ್ಷ ಉಳಿದುಬಂದದ್ದು ಅಲ್ಲಿಯ ಸಿದ್ಧಾಂತ ಬಸದಿಯ ಹಳಗನ್ನಡ ಲಿಪಿಯ ಓಲೆಗಳಲ್ಲಿ. ಕರ್ಮಸಿದ್ಧಾಂತದ ಗ್ರಂಥವಾದರೂ ಅದರ ತುಂಬ ಲೆಕ್ಕಾಚಾರ. ಒಂದು ಅಂಕೆ ಜಾರಿದರೆ ಮುಂದಿನ ಪುಟವೆಲ್ಲ ಸುಳ್ಳಾಗುವಂಥದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಅದರ ಪ್ರತಿಲೇಖನ ವರ್ಷಗಟ್ಟಲೆ ನಡೆಯಿತು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾದ 16 ಸಂಪುಟಗಳು 1939ರಿಂದ 1958ರವರೆಗೆ ಹೊರಬಂದವು. ಮೂಡುಬಿದಿರೆಯ ವಿದ್ವಾಂಸ ಕೆ. ಭುಜಬಲಿ ಶಾಸ್ತ್ರಿಗಳು ಈ ನಾಡಿನ ತಾಡಪತ್ರ ಗ್ರಂಥಗಳ ಸೂಚಿಯೊಂದನ್ನು 1948ರಲ್ಲಿ ಪ್ರಕಟಿಸಿದರು. ಸೂಚಿಯನ್ನು ಯಾರೂ ರಸಾನುಭವಕ್ಕಾಗಿ ಓದುವುದಿಲ್ಲ. ಆದರೆ ಅದಿಲ್ಲದೆ ಭಂಡಾರದೊಳಗೆ ಕೈಯಿಟ್ಟವನು ಕತ್ತಲೆಯಲ್ಲಿ ತಡಕುವವನೇ ಸರಿ.

ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಿಕೆಗೆಂದೇ ಕೇಂದ್ರ ಸಂಶೋಧನಾ ಕೇಂದ್ರವೊಂದು ಆರಂಭವಾಯಿತು. ಪ್ರಯೋಗಗಳು ನಡೆದವು, ಹೊಸ ತಳಿಗಳು ಬಂದವು. ಆದರೆ ಪ್ರಯೋಗಶಾಲೆಯ ಮಾತು ತೋಟಕ್ಕಿಳಿಯುವುದು ಒಂದು ದಾರಿಯಾದರೆ, ತೋಟದ ಮಾತು ತೋಟಕ್ಕೆ ಹೋಗುವುದು ಇನ್ನೊಂದು ದಾರಿ. ಈ ಎರಡನೆಯದನ್ನು ತೆರೆದದ್ದು ನೆರೆಯ ಪುತ್ತೂರಿನಿಂದ 1988ರಲ್ಲಿ ಹೊರಟ 'ಅಡಿಕೆ ಪತ್ರಿಕೆ'. ಕಾಸರಗೋಡಿನ ಗಡಿಗ್ರಾಮದ ಕೃಷಿಕರಾದ ಶ್ರೀ ಪಡ್ರೆಯವರು ಇದರ ಹಿಂದಿನ ಶಕ್ತಿ. ಕೃಷಿಕರ ಕೈಗೆ ಲೇಖನಿ ಎಂಬುದು ಆ ಪತ್ರಿಕೆಯ ಸಂಕಲ್ಪ. ಗುದ್ದಲಿ ಹಿಡಿದವರಿಗೆ ಲೇಖನಿಯನ್ನೂ ಹಿಡಿಯಲು ಶಿಬಿರಗಳನ್ನು ನಡೆಸಿ ಕಲಿಸಿದರು. "ಉತ್ತಮ ಇಳುವರಿ ಬಂತು" ಎಂಬ ವಾಕ್ಯ ಇಂಥ ಬರಹದಲ್ಲಿ ನಿಲ್ಲುವುದಿಲ್ಲ. ಎಷ್ಟು ಗಿಡ, ಎಷ್ಟು ಖರ್ಚು, ಎಲ್ಲಿ ಸೋತಿತು? ಸೋತದ್ದನ್ನು ಬರೆಯಲು ಹಿಂಜರಿಯುವವನು ಬೇರೆ ಯಾವ ಬಗೆಯ ಬರಹಕ್ಕೆ ತಕ್ಕವನೋ ಕಾಣೆ, ಇದಕ್ಕಂತೂ ಅಲ್ಲ.

ಅದೇ ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರ ಸಂಗತಿಯನ್ನು ನೋಡಬಹುದು. ಕೂಲಿಯ ದುಡಿಮೆಯಲ್ಲಿ ಬಾಳುತ್ತಿದ್ದ ಅವರಿಗೆ ದೊರೆತದ್ದು ಬೋಳು ಗುಡ್ಡದ ಎರಡು ಎಕರೆ ನೆಲ. ನೀರಿಗಾಗಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆಯತೊಡಗಿದರು. ಹಗಲು ಪರರ ಕೆಲಸ. ಉಳಿದ ಹೊತ್ತಿನಲ್ಲಿ ದೀಪದ ಬೆಳಕಿನಲ್ಲಿ ತಮ್ಮ ಸುರಂಗ. ಐದು ಸುರಂಗಗಳು ಬರಿದಾದವು. ಆರನೆಯದರಲ್ಲಿ ನೀರು ಬಂತು. ಬೋಳು ಗುಡ್ಡ ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ದೇಶವೇ ಬೆರಗಾಯಿತು. ಆದರೆ ಈ ನೆಲದ ಸುರಂಗವಿದ್ಯೆಯನ್ನು ಪಡ್ರೆಯವರಂಥವರು ಅದಕ್ಕೆ ಬಹಳ ಮೊದಲೇ ಬರಹಕ್ಕಿಳಿಸುತ್ತ ಬಂದಿದ್ದರು. ಬೆರಗುಗೊಂಡು ಬರೆಯುವುದು ಸುಲಭ. ಮುರಕಲ್ಲಿನ ನೆಲದಲ್ಲಿ ಯಾವ ಮಣ್ಣು ಕುಸಿಯುತ್ತದೆ, ಒಳಗೆ ಗಾಳಿ ಸಾಲದಾದಾಗ ಏನು ಮಾಡಬೇಕು, ನೀರು ತಾನಾಗಿ ಹರಿದುಬರಲು ನೆಲವನ್ನು ಎಷ್ಟು ಇಳಿಜಾರಾಗಿಡಬೇಕು, ಎಲ್ಲಿ ಅಗೆಯುವುದನ್ನು ನಿಲ್ಲಿಸಬೇಕು ಎಂಬುದನ್ನು ಕೇಳಿ ತಿಳಿದು ಬರೆಯಬೇಕಾದರೆ ಸುರಂಗದೊಳಗೆ ತಲೆಬಾಗಿಸಿ ಹೋಗಬೇಕಾಗುತ್ತದೆ.

ಇನ್ನು ಸಂಪಾದನೆಯ ಮಾತು. ಅದನ್ನು ಮುಚ್ಚಿಡುವುದು ಓದುಗರಿಗೆ ಮಾಡುವ ಉಪಕಾರವಲ್ಲ. ಕನ್ನಡದಲ್ಲಿ ಇಂಥ ಲೇಖನಗಳನ್ನಷ್ಟೇ ಬರೆದು ಸಂಸಾರ ಸಾಗಿಸುವುದು ಕಷ್ಟ. ಬರೆಯುವವರಲ್ಲಿ ಹೆಚ್ಚಿನವರ ಬೆನ್ನಿಗೆ ತೋಟವೋ ಮಾಸ್ತರಿಕೆಯೋ ಇರುತ್ತದೆ. ತಿಂಗಳ ಸಂಬಳ ಬೇಕೆಂಬವರಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳಲ್ಲಿ, ಯಂತ್ರ ತಯಾರಿಸುವ ಕಾರ್ಖಾನೆಗಳಲ್ಲಿ ಇದೇ ಹೆಸರಿನ ಉದ್ಯೋಗಗಳುಂಟು. ಅಲ್ಲಿಯ ಭಾಷೆ ಇಂಗ್ಲಿಷು. ಉಜಿರೆಯಲ್ಲಿಯೂ ಮೂಡುಬಿದಿರೆಯಲ್ಲಿಯೂ ಪತ್ರಿಕೋದ್ಯಮವನ್ನು ಕಲಿಸುವ ಕಾಲೇಜುಗಳಿರುವುದರಿಂದ ಈ ಊರುಗಳ ತರುಣರಿಗೆ ವಾಕ್ಯ ಕಟ್ಟುವ ಶಿಕ್ಷಣ ಮನೆಯ ಬಳಿಯೇ ಸಿಗುತ್ತದೆ. ಸಿಗದಿರುವುದು ಎರಡನೆಯ ಅರ್ಧ: ವಿದ್ಯುತ್ತೋ ಔಷಧಿಯೋ ಮಣ್ಣೋ, ಯಾವುದಾದರೂ ಒಂದು ವಿಷಯವನ್ನು ಕೈ ಕೊಳೆಯಾಗುವಷ್ಟು ತಿಳಿಯುವುದು. ಇತ್ತೀಚೆಗೆ ಯಂತ್ರಗಳೇ ಕ್ಷಣಮಾತ್ರದಲ್ಲಿ ಪುಟಗಟ್ಟಲೆ ಬರೆದುಕೊಡುತ್ತಿರುವುದರಿಂದ ಬರಿಯ ವಾಕ್ಯಶಕ್ತಿಯನ್ನು ನಂಬಿದವನ ಸ್ಥಿತಿ ಇನ್ನಷ್ಟು ಇಕ್ಕಟ್ಟಾಗಿದೆ. ಯಂತ್ರ ಬರೆದ ಪುಟದಲ್ಲಿ ತುತ್ತು ಮೊದಲೋ ಸುಣ್ಣ ಮೊದಲೋ ಎಂದು ಪೀಪಾಯಿಯ ಬಳಿ ನಿಂತು ನೋಡುವವನೊಬ್ಬ ಬೇಕೇ ಬೇಕು.

ಕನ್ನಡದಲ್ಲಿ ಈ ಕೆಲಸಕ್ಕೆ ಅವಕಾಶವಿಲ್ಲವೆಂದಲ್ಲ. ಮಾಡದೆ ಬಿಟ್ಟಿರುವುದೇ ಬೆಟ್ಟದಷ್ಟಿದೆ. ಕೀಟನಾಶಕಗಳ ಕಾಗದವನ್ನು ಪ್ರಾದೇಶಿಕ ಭಾಷೆಯಲ್ಲಿಯೂ ಅಚ್ಚುಮಾಡಬೇಕೆಂದು 1971ರ ನಿಯಮಗಳೇ ವಿಧಿಸುತ್ತವೆ. ಡಬ್ಬಿಯ ಮೇಲಿನ ಕೆಂಪು ಗುರುತು ಅತ್ಯಂತ ವಿಷಕರವೆಂದೂ ಹಸುರು ಗುರುತು ಅಲ್ಪ ವಿಷಕರವೆಂದೂ ಸೂಚಿಸುತ್ತದೆ. ಹಸುರನ್ನು ಕಂಡು "ಅಪಾಯವಿಲ್ಲ" ಎಂದುಕೊಳ್ಳುವವರು ಎಷ್ಟೋ ಮಂದಿ. ಸಾಸಿವೆಯಷ್ಟು ಚಿಕ್ಕ ಅಕ್ಷರಗಳಲ್ಲಿ, ನಿಘಂಟಿನಿಂದ ಹೆಕ್ಕಿದ ಸಂಸ್ಕೃತ ಪದಗಳಲ್ಲಿ ಮಡಚಿಟ್ಟ ಆ ಕಾಗದ ಬಿಡಿಸುವ ಮೊದಲೇ ಹರಿದುಹೋಗುತ್ತದೆ. ಅದನ್ನು ಬರೆದವನು ಒಂದು ಬೆಳಗ್ಗೆ ತೋಟಕ್ಕೆ ಬಂದು, ಬಾಯಿ ತೆರೆಯದೆ ಪಕ್ಕದಲ್ಲಿ ಕುಳಿತು, ಕೆಲಸದಾಳು ತನ್ನ ಕಾಗದವನ್ನು ಓದಿ ಏನು ಮಾಡುತ್ತಾನೆಂದು ನೋಡಿದ್ದರೆ ಸಾಕಿತ್ತು. ಆಳು ಎಡವಿದಲ್ಲಿ ತಪ್ಪು ಕಾಗದದ್ದು, ಆಳಿನದಲ್ಲ. ಈ ಪರೀಕ್ಷೆಯನ್ನು ಸಹಿಸಿಕೊಳ್ಳುವ ಮನಸ್ಸುಳ್ಳವನಿಗೆ ಈ ಉದ್ಯೋಗ ಹಿಡಿಸುತ್ತದೆ.

ತೃಪ್ತಿಯೇ? ಅಭಿಮಾನಿಗಳ ಪತ್ರಗಳು ಬರುವುದಿಲ್ಲ. ಆದರೆ ಮದ್ದು ಬಿಡುವ ದಿನ ಯಾವುದೋ ಮನೆಯ ಜಗಲಿಯಲ್ಲಿ ಮನೆಯೊಡತಿ ಕನ್ನಡಕ ಏರಿಸಿ, ನೀಲಿ ಕಲೆ ಹತ್ತಿದ ಹಳೆಯ ಕಾಗದವನ್ನು ಗಟ್ಟಿಯಾಗಿ ಓದುತ್ತಾಳೆ. ಅಂಗಳದಲ್ಲಿ ಒಬ್ಬನು ಅವಳು ಹೇಳಿದಂತೆ ಸುಣ್ಣದ ನೀರನ್ನು ಕಲಕುತ್ತಾನೆ. "ಚಾಕು ಅದ್ದಿದಿಯಾ?" ಎಂದು ಅವಳು ಕೇಳುತ್ತಾಳೆ. ಅವನು ಎತ್ತಿ ತೋರಿಸುತ್ತಾನೆ. ಅಲಗು ಬೆಳ್ಳಗೆ ಹೊಳೆಯುತ್ತದೆ.