ಕೂಡಿ ಬಾಳುವ ವಿಭಾಗಗಳು

ಕನ್ನಡದ ಅಧ್ಯಾಪಕನಾದ ನನಗೂ ಭೂವಿಜ್ಞಾನಕ್ಕೂ ಏನು ಸಂಬಂಧವೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಸಂಬಂಧ ಬೆಳೆದುದು ಒಂದು ಕೊಠಡಿಯ ಮೂಲಕ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಾಲೇಜೊಂದರಲ್ಲಿ ಭೂಗರ್ಭಶಾಸ್ತ್ರದ ವಿಭಾಗವನ್ನು ಮುಚ್ಚಿದರು. ವಿದ್ಯಾರ್ಥಿಗಳ ಸಂಖ್ಯೆ ಸಾಲದೆಂಬುದು ಕಾರಣ. ತೆರವಾದ ಪ್ರಯೋಗಶಾಲೆಯನ್ನು ಐಚ್ಛಿಕ ಕನ್ನಡದ ತರಗತಿಗೆ ಕೊಟ್ಟರು. ಬೀರುಗಳಲ್ಲಿ ಶಿಲೆಯ ತುಣುಕುಗಳು ಇನ್ನೂ ಇದ್ದವು. ಒಂದೊಂದರ ಮೇಲೂ ಯಾರೋ ದುಂಡಾದ ಅಕ್ಷರಗಳಲ್ಲಿ ಬರೆದು ಅಂಟಿಸಿದ ಚೀಟಿ. ಮೂಲೆಯ ಮೇಜಿನ ಮೇಲೆ ಧೂಳು ಹೊದ್ದ ನಾಲ್ಕು ಸೂಕ್ಷ್ಮದರ್ಶಕಗಳು.

ಸಮೀಪದ ಇನ್ನೊಂದು ಊರಿನ ಕಾಲೇಜಿನಲ್ಲಿ ಅದೇ ಶಾಸ್ತ್ರದ ವಿಭಾಗ ಆಗಿನ್ನೂ ನಡೆಯುತ್ತಿತ್ತು. ಅಲ್ಲಿ ಇಡೀ ತರಗತಿಗೆ ಒಂದೇ ಸೂಕ್ಷ್ಮದರ್ಶಕ. ಅಲ್ಲಿಯ ಅಧ್ಯಾಪಕರೊಬ್ಬರು ಬಂದು, ಈ ನಾಲ್ಕರಲ್ಲಿ ಎರಡನ್ನು ಎರವಲಾಗಿಯಾದರೂ ಕೊಡಿರೆಂದು ಕೇಳಿದರು. ನಮ್ಮ ಕಚೇರಿಯವರು ದಾಸ್ತಾನು ಪುಸ್ತಕವನ್ನು ತೆರೆದು ತೋರಿಸಿದರು. ಒಂದು ಸಂಸ್ಥೆಯ ಹೆಸರಿನಲ್ಲಿರುವ ವಸ್ತು ಇನ್ನೊಂದು ಸಂಸ್ಥೆಗೆ ಹೋಗುವುದಕ್ಕೆ ಆ ಪುಸ್ತಕದಲ್ಲಿ ಅಂಕಣವೇ ಇರಲಿಲ್ಲ. ಬಂದವರು ಬರಿಗೈಯಲ್ಲಿ ಹಿಂದಿರುಗಿದರು. ಯಾರನ್ನೂ ದೂರುವಂತಿಲ್ಲ, ಎಲ್ಲರೂ ನಿಯಮದಂತೆಯೇ ನಡೆದಿದ್ದರು. ಕೊರತೆಯಿದ್ದುದು ಮನುಷ್ಯರ ಮನಸ್ಸಿನಲ್ಲಲ್ಲ, ಆ ಅಂಕಣದಲ್ಲಿ.

ಅಂದಿನಿಂದ ನನಗೊಂದು ಕುತೂಹಲ ಹುಟ್ಟಿತು. ಒಂದೇ ಶಾಸ್ತ್ರವನ್ನು ಕಲಿಸುವ ಹಲವು ವಿಶ್ವವಿದ್ಯಾನಿಲಯಗಳ ವಿಭಾಗಗಳು ತಮ್ಮೊಳಗೆ ಒಂದು ಕೂಟವನ್ನು ಕಟ್ಟಿಕೊಂಡು, ಒಬ್ಬರ ಯಂತ್ರವನ್ನು ಎಲ್ಲರ ಯಂತ್ರವಾಗಿಸಿಕೊಳ್ಳುವುದು ಸಾಧ್ಯವೆ? ಸಾಧ್ಯವಾದರೆ ಅಂಥ ಕೂಟದ ಕಟ್ಟುಪಾಡುಗಳು ಹೇಗಿರಬೇಕು? ಇದಕ್ಕೆ ಒಳ್ಳೆಯ ನಿದರ್ಶನ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿದೆ. ಭೂಕಂಪ ವಿಜ್ಞಾನದ ವಿಭಾಗಗಳು ೧೯೮೪ರಲ್ಲಿ ಅಲ್ಲಿ ಕಟ್ಟಿಕೊಂಡ ಆ ಕೂಟಕ್ಕೆ ‘ಐರಿಸ್’ ಎಂದು ಹೆಸರು. ಅದರ ಕತೆ ಯಂತ್ರಗಳ ಕತೆಯಂತೆ ತೋರಿದರೂ ನಿಜವಾಗಿ ಅದು ಒಡೆತನದ ಕತೆ.

ಭೂಕಂಪವನ್ನು ಅರಿಯಲೆಳಸುವವನಿಗೆ ಒಂದು ವಿಶೇಷ ಸಂಕಟವುಂಟು. ಅವನ ಪ್ರಯೋಗಶಾಲೆ ಇಡೀ ಭೂಮಂಡಲ. ಒಂದು ಊರಿನಲ್ಲಿ ಕುಳಿತು ಎಷ್ಟೇ ಉತ್ತಮವಾದ ಕಂಪನಮಾಪಕವನ್ನು ಇಟ್ಟುಕೊಂಡರೂ, ಕಂಪನ ಎಲ್ಲಿ ಹುಟ್ಟಿತೆಂದು ಹೇಳಬೇಕಾದರೆ ದೂರದೂರದ ಊರುಗಳ ದಾಖಲೆಗಳು ಬೇಕು. ಅವುಗಳ ಕಾಲವನ್ನು ಒಂದರೊಡನೊಂದು ತಾಳೆ ನೋಡಬೇಕು. ಒಂಟಿಯಾದ ವಿಭಾಗವು ಈ ಶಾಸ್ತ್ರದಲ್ಲಿ ಹುಟ್ಟಿನಿಂದಲೇ ಅಂಗಹೀನ.

೧೯೬೦ರ ದಶಕದ ಆರಂಭದಲ್ಲಿ ಈ ಕೊರತೆಯನ್ನು ತುಂಬಿದುದು ವಿದ್ಯೆಯ ಪ್ರೇಮವಲ್ಲ, ಯುದ್ಧದ ಭಯ. ಪರರು ನೆಲದಡಿಯಲ್ಲಿ ಸಿಡಿಸುವ ಅಣುಬಾಂಬನ್ನು ಪತ್ತೆಮಾಡಬೇಕೆಂಬ ಉದ್ದೇಶದಿಂದ ಅಮೆರಿಕ ಸರ್ಕಾರವು ಒಂದೇ ಬಗೆಯ ಯಂತ್ರಗಳನ್ನು ಸುಮಾರು ೬೦ ದೇಶಗಳ ೧೨೦ರಷ್ಟು ಕೇಂದ್ರಗಳಲ್ಲಿ ಇರಿಸಿತು. ನಮ್ಮ ದೇಶದ ಕೊಡೈಕೆನಾಲ್, ಪುಣೆ, ದೆಹಲಿ, ಶಿಲ್ಲಾಂಗುಗಳೂ ಆ ಸಾಲಿನಲ್ಲಿದ್ದವು. ಭಯದಿಂದ ಬಿತ್ತಿದ್ದು ಜ್ಞಾನವಾಗಿ ಫಲಿಸಿತು. ಭೂಮಿಯ ಹೊರಪದರವು ಹಲವು ಫಲಕಗಳಾಗಿ ಒಡೆದು ಮೆಲ್ಲಮೆಲ್ಲನೆ ಸರಿಯುತ್ತಿದೆಯೆಂಬ ಸಿದ್ಧಾಂತಕ್ಕೆ ಆ ದಶಕದ ಕೊನೆಯಲ್ಲಿ ಬಲವಾದ ಸಾಕ್ಷ್ಯ ಒದಗಿದುದು ಈ ಕೇಂದ್ರಗಳ ದಾಖಲೆಗಳಿಂದ. ಆದರೆ ಕಾಲಕ್ರಮದಲ್ಲಿ ಸರ್ಕಾರದ ಆಸಕ್ತಿ ತಗ್ಗಿತು, ಹಣ ಕುಗ್ಗಿತು, ಯಂತ್ರಗಳು ಹಳತಾದವು. ಅಂಕಿಗಳಲ್ಲಿ ದಾಖಲಿಸುವ ಹೊಸ ಯಂತ್ರಗಳು ಬಂದಾಗ ಅವುಗಳನ್ನು ಒಂದೊಂದು ವಿಶ್ವವಿದ್ಯಾನಿಲಯವೂ ತಾನೇ ಕೊಂಡುಕೊಂಡು ಲೋಕವೆಲ್ಲ ಹರಡುವುದು ಆಗದ ಮಾತಾಗಿತ್ತು.

ಹೀಗಿರಲಾಗಿ ವಿಭಾಗಗಳ ಮುಂದೆ ಎರಡು ದಾರಿಗಳಿದ್ದವು. ಒಬ್ಬೊಬ್ಬರೇ ಹೋಗಿ ಸರ್ಕಾರದ ಬಾಗಿಲನ್ನು ತಟ್ಟುವುದು ಒಂದು. ಬಲ್ಲಿದರಿಗೆ ಸಿಕ್ಕುತ್ತಿತ್ತು, ಬಡವರಿಗೆ ಇಲ್ಲವಾಗುತ್ತಿತ್ತು. ಒಟ್ಟಾಗಿ ಹೋಗುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು. ಲಾಭವನ್ನು ಬಯಸದ ಒಂದು ಸಂಸ್ಥೆಯನ್ನು ನೋಂದಾಯಿಸಿ, ಅದರ ಹೆಸರಿನಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಹಣವನ್ನು ಪಡೆದರು.

ಕೂಟದ ರಚನೆ ಸರಳವಾದುದು. ಸದಸ್ಯರು ವ್ಯಕ್ತಿಗಳಲ್ಲ, ವಿಶ್ವವಿದ್ಯಾನಿಲಯಗಳು. ಒಂದೊಂದೂ ತನ್ನ ವಿಭಾಗದಿಂದ ಒಬ್ಬ ಪ್ರತಿನಿಧಿಯನ್ನು ಕಳುಹಿಸುತ್ತದೆ. ಹಾರ್ವರ್ಡಿನಂಥ ಹಿರಿಯ ವಿದ್ಯಾಪೀಠವಾಗಲಿ, ಇಬ್ಬರೋ ಮೂವರೋ ಭೂಕಂಪಶಾಸ್ತ್ರಜ್ಞರಿರುವ ಚಿಕ್ಕ ವಿಭಾಗವಾಗಲಿ, ಮತ ಮಾತ್ರ ಒಂದೇ. ಈ ಪ್ರತಿನಿಧಿಗಳು ಸೇರಿ ಒಂದು ಆಡಳಿತ ಮಂಡಲಿಯನ್ನು ಚುನಾಯಿಸುತ್ತಾರೆ. ಅದರ ಕೆಳಗೆ ಒಂದೊಂದು ಕಾರ್ಯಕ್ಕೂ ಒಂದೊಂದು ಸ್ಥಾಯೀ ಸಮಿತಿ: ಜಾಗತಿಕ ಕೇಂದ್ರಗಳಿಗೊಂದು, ಎರವಲು ಯಂತ್ರಗಳಿಗೊಂದು, ದಾಖಲೆಗಳ ಭಂಡಾರಕ್ಕೊಂದು, ಶಿಕ್ಷಣಕ್ಕೊಂದು. ಸಮಿತಿಗಳಲ್ಲಿ ಕುಳಿತುಕೊಳ್ಳುವವರು ಅಧಿಕಾರಿಗಳಲ್ಲ, ಪಾಠ ಹೇಳುವ ಅಧ್ಯಾಪಕರು; ಅವಧಿ ಮುಗಿದೊಡನೆ ಎದ್ದು ಇನ್ನೊಬ್ಬರಿಗೆ ಎಡೆಮಾಡಿಕೊಡುತ್ತಾರೆ. ಮುಂದೆ ಸದಸ್ಯ ವಿಶ್ವವಿದ್ಯಾನಿಲಯಗಳ ಸಂಖ್ಯೆ ೧೨೦ನ್ನು ಮೀರಿತು. ಹೊರದೇಶಗಳ ಸಂಸ್ಥೆಗಳು ಮತವಿಲ್ಲದ ಸಹಸದಸ್ಯರಾಗಿ ಸೇರಿಕೊಂಡವು.

ಅಧಿಕಾರದಂತೆ ಕೆಲಸವನ್ನೂ ಅವರು ಒಂದೆಡೆ ರಾಶಿ ಹಾಕಲಿಲ್ಲ. ಕಚೇರಿ ವಾಷಿಂಗ್ಟನ್ನಿನಲ್ಲಿ, ಯಂತ್ರಗಳ ಉಗ್ರಾಣ ನ್ಯೂಮೆಕ್ಸಿಕೊ ಸಂಸ್ಥಾನದ ಸೊಕಾರೊ ಎಂಬ ಚಿಕ್ಕ ಊರಿನಲ್ಲಿ, ದಾಖಲೆಗಳ ಭಂಡಾರ ಸಿಯಾಟಲ್ ನಗರದಲ್ಲಿ. ಲೋಕದಾದ್ಯಂತ ಹರಡಿರುವ ಸುಮಾರು ೧೫೦ ಶಾಶ್ವತ ಕೇಂದ್ರಗಳ ಪಾಲನೆಯನ್ನು ಅಲ್ಲಿಯ ಸರ್ಕಾರದ ಭೂಗರ್ಭ ಸಮೀಕ್ಷಾ ಇಲಾಖೆಯೂ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಒಂದು ಶಾಖೆಯೂ ಹಂಚಿಕೊಂಡವು.

ಇಲ್ಲಿ ನನ್ನ ದಾಸ್ತಾನು ಪುಸ್ತಕದ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಸೊಕಾರೊ ಉಗ್ರಾಣದ ಯಂತ್ರಗಳು ಯಾವ ಒಂದು ವಿಭಾಗದ ಪುಸ್ತಕದಲ್ಲಿಯೂ ಇಲ್ಲ. ಒಬ್ಬ ಅಧ್ಯಾಪಕ ತನ್ನ ಸಂಶೋಧನೆಗೆ ಹಣ ದೊರಕಿಸಿಕೊಂಡು ಯಂತ್ರಗಳಿಗಾಗಿ ಬರೆದುಕೊಂಡರೆ, ಸರದಿಯ ಮೇಲೆ ಅವು ಅವನಿಗೆ ಬರುತ್ತವೆ. ಬಾಡಿಗೆಯಿಲ್ಲ. ಬಳಸುವ ವಿಧಾನವನ್ನು ಅವರೇ ಕಲಿಸುತ್ತಾರೆ. ಇದಕ್ಕೆಲ್ಲ ಪ್ರತಿಯಾಗಿ ಒಂದೇ ಋಣ: ಸಂಗ್ರಹಿಸಿದ ದಾಖಲೆಯನ್ನು ಭಂಡಾರಕ್ಕೆ ಒಪ್ಪಿಸಬೇಕು. ಪ್ರಯೋಗ ಮುಗಿದ ಮೇಲೆ ಎರಡು ವರ್ಷ ಅದು ಅವನ ಸ್ವಂತ. ಆಮೇಲೆ ಅದು ಲೋಕಕ್ಕೆ ಸೇರಿದ್ದು. ಶಾಶ್ವತ ಕೇಂದ್ರಗಳ ದಾಖಲೆಗಂತೂ ಈ ಎರಡು ವರ್ಷದ ಮರೆಯೂ ಇಲ್ಲ.

ಈ ನಿಯಮದಲ್ಲಿ ಮನುಷ್ಯಸ್ವಭಾವದ ಆಳವಾದ ತಿಳಿವಳಿಕೆಯಿದೆಯೆಂದು ನನ್ನ ಭಾವನೆ. ದುಡಿದವನಿಗೆ ಮೊದಲ ಫಲವನ್ನು ಅದು ತಪ್ಪಿಸುವುದಿಲ್ಲ. ಆದರೆ ಫಲವನ್ನು ಹಗೇವಿನಲ್ಲಿ ಕೊಳೆಯುವುದಕ್ಕೂ ಬಿಡುವುದಿಲ್ಲ. ಹಸ್ತಪ್ರತಿಯೊಂದನ್ನು ಬೀರುವಿನಲ್ಲಿಟ್ಟು, ತಾನೂ ಸಂಪಾದಿಸದೆ ಇತರರಿಗೂ ತೋರಿಸದೆ ಕಾಲ ಕಳೆಯುವ ವಿದ್ವತ್ತಿನ ಪರಿಚಯ ನಮ್ಮ ಸಾಹಿತ್ಯಲೋಕಕ್ಕೆ ಇಲ್ಲದಿಲ್ಲ. ಅಂಥವರಿಗೂ ಎರಡು ವರ್ಷದ ಗಡುವಿದ್ದಿದ್ದರೆ!

ಕೂಟದ ದೊಡ್ಡ ಸಾಹಸವೊಂದನ್ನು ಹೇಳದೆ ಮುಂದೆ ಹೋಗಲಾರೆ. ೨೦೦೪ರಲ್ಲಿ ಮೊದಲಿಟ್ಟು, ೪೦೦ ಕೇಂದ್ರಗಳ ಒಂದು ಬಲೆಯನ್ನು ಅವರು ಅಮೆರಿಕದ ಪಶ್ಚಿಮ ಅಂಚಿನಲ್ಲಿ ಹರಡಿದರು. ಕೇಂದ್ರದಿಂದ ಕೇಂದ್ರಕ್ಕೆ ಸುಮಾರು ೭೦ ಕಿಲೋಮೀಟರು. ಒಂದೊಂದು ಕೇಂದ್ರವೂ ಸುಮಾರು ಎರಡು ವರ್ಷ ಒಂದೆಡೆ ನಿಂತು, ಆಮೇಲೆ ಕಿತ್ತು ಪೂರ್ವಕ್ಕೆ ನಡೆಯುತ್ತಿತ್ತು. ಕುರಿಗಾಹಿಯ ಮಂದೆ ಹೊಲದಿಂದ ಹೊಲಕ್ಕೆ ಸಾಗುವಂತೆ ಆ ಬಲೆ ಖಂಡವನ್ನು ದಾಟಿ ೨೦೧೩ರಲ್ಲಿ ಅಟ್ಲಾಂಟಿಕ್ ತೀರವನ್ನು ಮುಟ್ಟಿತು. ಮುಂದೆ ಅಲಾಸ್ಕಕ್ಕೂ ಹೋಯಿತು. ಪ್ರತಿಯೊಂದು ಕೇಂದ್ರಕ್ಕೂ ಒಬ್ಬ ರೈತನ ಹೊಲವನ್ನೋ ಹುಲ್ಲುಗಾವಲನ್ನೋ ಹುಡುಕಿ, ಒಡೆಯನನ್ನು ಒಪ್ಪಿಸಬೇಕಲ್ಲವೆ? ಬೇಸಗೆಯ ರಜೆಗಳಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಮಾಡಿದವರು ಆಯಾ ಪ್ರಾಂತದ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು. ಖಂಡದಷ್ಟು ದೊಡ್ಡ ಪ್ರಯೋಗವು ಊರಿನ ಹುಡುಗರ ಕಾಲ್ನಡಿಗೆಯಿಂದ ಕೈಗೂಡಿತು. ವಿಭಾಗಗಳ ಕೂಟವಲ್ಲದೆ ಬರಿಯ ಸರ್ಕಾರದ ಇಲಾಖೆಯಾಗಿದ್ದಿದ್ದರೆ ಈ ನೆರವು ಇಷ್ಟು ಸಹಜವಾಗಿ ಒದಗುತ್ತಿರಲಿಲ್ಲ.

ಫಲವು ಸದಸ್ಯರಿಗಷ್ಟೇ ಮೀಸಲಾಗಲಿಲ್ಲ. ೨೦೦೪ರ ಡಿಸೆಂಬರ್ ೨೬ರಂದು ಸುಮಾತ್ರದ ಬಳಿ ಕಡಲತಳ ಸೀಳಿ, ತೆರೆಗಳೆದ್ದು ನಮ್ಮ ತಮಿಳುನಾಡಿನ ತೀರದವರೆಗೂ ಸಾವನ್ನು ತಂದ ಆ ದಿನ, ಇಡೀ ಭೂಗೋಳ ಬಡಿದ ಗಂಟೆಯಂತೆ ಮಿಡಿಯತೊಡಗಿತು. ಆ ಮಿಡಿತ ವಾರಗಳವರೆಗೆ ಅಡಗಲಿಲ್ಲ. ಅದನ್ನು ಈ ಜಾಗತಿಕ ಕೇಂದ್ರಗಳು ದಾಖಲಿಸಿದವು. ದಾಖಲೆ ಕೇಳಿದವರಿಗೆಲ್ಲ ದೊರೆಯಿತು. ಶುಲ್ಕವಿಲ್ಲ, ಶಿಫಾರಸು ಬೇಕಿಲ್ಲ. ಧಾರವಾಡದ ವಿದ್ಯಾರ್ಥಿಯೊಬ್ಬ ಇಂದು ಬಯಸಿದರೆ, ತನ್ನ ಕೋಣೆಯಲ್ಲಿ ಕುಳಿತು ಆ ದಿನದ ಭೂಮಿಯ ಮಿಡಿತವನ್ನು ಓದಿಕೊಳ್ಳಬಹುದು.

ಉಪಗ್ರಹಗಳ ನೆರವಿನಿಂದ ನೆಲದ ಸರಿತವನ್ನು ಅಳೆಯುವ ವಿಶ್ವವಿದ್ಯಾನಿಲಯಗಳು ‘ಯುನಾವ್ಕೊ’ ಎಂಬ ಇನ್ನೊಂದು ಕೂಟವನ್ನು ಅದೇ ೧೯೮೪ರಲ್ಲಿ ಕಟ್ಟಿಕೊಂಡಿದ್ದವು. ೨೦೨೩ರ ಜನವರಿ ೧ರಂದು ಇವೆರಡೂ ಬೆರೆತು ‘ಅರ್ಥ್‌ಸ್ಕೋಪ್’ ಎಂಬ ಒಂದೇ ಒಕ್ಕೂಟವಾದವು. ಎರಡು ಸಂಸ್ಥೆಗಳು ಹೆಸರನ್ನು ಬಿಟ್ಟುಕೊಟ್ಟು ಒಂದಾಗುವುದು ಎಷ್ಟು ಕಷ್ಟವೆಂಬುದನ್ನು, ಒಂದೇ ಊರಿನಲ್ಲಿ ಎರಡೆರಡು ಸಾಹಿತ್ಯ ಸಂಘಗಳನ್ನು ಕಂಡಿರುವ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಇಷ್ಟು ಹೊಗಳಿದ ಮೇಲೆ ಅದರ ದೌರ್ಬಲ್ಯವನ್ನೂ ಹೇಳಬೇಕಾದುದು ನ್ಯಾಯ. ಕೂಟದ ಬೇರುಗಳು ಹಲವಾದರೂ ನೀರು ಬರುವುದು ಮುಖ್ಯವಾಗಿ ಒಂದೇ ಕಾಲುವೆಯಿಂದ. ೨೦೨೫ರಲ್ಲಿ ಅಮೆರಿಕದ ಅಧ್ಯಕ್ಷರ ಆಡಳಿತವು ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅನುದಾನವನ್ನು ಸುಮಾರು ೯೦೦ ಕೋಟಿ ಡಾಲರುಗಳಿಂದ ೩೯೦ ಕೋಟಿಗೆ ಇಳಿಸಬೇಕೆಂದು ಪ್ರಸ್ತಾಪಿಸಿತು. ಪ್ರಸ್ತಾಪವೇ ಶಾಸನವಲ್ಲ, ಹಣವನ್ನು ಮಂಜೂರು ಮಾಡುವ ಅಧಿಕಾರ ಅಲ್ಲಿ ಕಾಂಗ್ರೆಸ್ಸಿನದು. ಆದರೂ ಆ ಒಂದು ಪ್ರಸ್ತಾಪವೇ ಸಾಕು, ಪರಾಧೀನತೆ ಎಂದರೇನೆಂಬುದನ್ನು ನೆನಪಿಸಲು. ಯುದ್ಧಭಯದಿಂದ ಬಂದ ಯಂತ್ರಗಳು ಒಮ್ಮೆ ಸರ್ಕಾರದ ಮರೆವಿನಿಂದಲೇ ತುಕ್ಕು ಹಿಡಿದಿದ್ದವಲ್ಲವೆ? ಒಕ್ಕೂಟವು ವಿಭಾಗಗಳನ್ನು ಪರಸ್ಪರ ಪೈಪೋಟಿಯಿಂದ ಕಾಪಾಡಬಲ್ಲುದು. ಪೋಷಕನ ಮನಸ್ಸು ತಿರುಗಿದಾಗ ಕಾಪಾಡಬಲ್ಲುದೆ? ಪೂರ್ಣವಾಗಿ ಅಲ್ಲ. ಆದರೆ ಒಂಟಿ ವಿಭಾಗವನ್ನು ಮುಚ್ಚುವುದಕ್ಕೆ ಒಂದು ಸುತ್ತೋಲೆ ಸಾಕು. ನೂರಿಪ್ಪತ್ತು ವಿಭಾಗಗಳ ಕೂಟವನ್ನು ಮುಟ್ಟಬೇಕಾದರೆ ದೇಶದ ಮುಂದೆ ಕಾರಣವನ್ನು ಹೇಳಬೇಕಾಗುತ್ತದೆ. ಆ ಅಂತರವೇನೂ ಸಣ್ಣದಲ್ಲ.

ನಮ್ಮಲ್ಲಿ ಸಹಕಾರದ ಪ್ರಯತ್ನಗಳೇ ನಡೆದಿಲ್ಲವೆಂದು ಹೇಳಿದರೆ ಕೃತಘ್ನತೆಯಾದೀತು. ಭಾರತೀಯ ಭೂವೈಜ್ಞಾನಿಕ ಸಂಘವು ೧೯೫೮ರಲ್ಲಿ ಹುಟ್ಟಿದುದು ನಮ್ಮ ಬೆಂಗಳೂರಿನಲ್ಲಿಯೇ. ಡಿ. ಎನ್. ವಾಡಿಯಾ ಅವರು ಅದರ ಮೊದಲ ಅಧ್ಯಕ್ಷರು, ಬಿ. ಪಿ. ರಾಧಾಕೃಷ್ಣ ಅವರು ಅದರ ಪತ್ರಿಕೆಯನ್ನು ದಶಕಗಳ ಕಾಲ ಸಂಪಾದಿಸಿ ಬೆಳೆಸಿದರು. ಆದರೆ ಅದು ವಿದ್ವಾಂಸ ವ್ಯಕ್ತಿಗಳ ಸಂಘ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ದೆಹಲಿಯಲ್ಲಿ ೧೯೮೪ರಲ್ಲಿಯೂ ಪುಣೆಯಲ್ಲಿ ೧೯೮೮ರಲ್ಲಿಯೂ ಅಂತರ-ವಿಶ್ವವಿದ್ಯಾನಿಲಯ ಕೇಂದ್ರಗಳನ್ನು ಸ್ಥಾಪಿಸಿ, ಯಾವ ಊರಿನ ಅಧ್ಯಾಪಕನಾದರೂ ಬಂದು ಅಲ್ಲಿಯ ಸೌಕರ್ಯವನ್ನು ಬಳಸಿಕೊಳ್ಳುವಂತೆ ಮಾಡಿತು. ಅದು ಮೇಲಿನಿಂದ ಇಳಿದ ಉಪಕಾರ. ನಾನು ಇಲ್ಲಿ ವರ್ಣಿಸಿದ್ದು ಮೂರನೆಯ ಬಗೆ: ವಿಭಾಗಗಳು ತಾವಾಗಿ ಕೂಡಿ, ತಾವೇ ಸಮಾನ ಒಡೆಯರಾಗಿ, ಗಳಿಸಿದ್ದನ್ನು ಹೊರಗಿನವರಿಗೂ ಹಂಚುವ ಬಗೆ. ಇದಕ್ಕೆ ಅಪಾರ ಧನವೇ ಬೇಕೆಂದಿಲ್ಲ. ಒಂದು ಜಿಲ್ಲೆಯ ಕಾಲೇಜುಗಳು ಸೂಕ್ಷ್ಮದರ್ಶಕಗಳಿಗೂ, ಒಂದು ನಾಡಿನ ಕನ್ನಡ ವಿಭಾಗಗಳು ಹಸ್ತಪ್ರತಿಗಳಿಗೂ ಶಾಸನಗಳ ಪಡಿಯಚ್ಚುಗಳಿಗೂ ಇದೇ ಕಟ್ಟುಪಾಡನ್ನು ಅನ್ವಯಿಸಿಕೊಳ್ಳಬಹುದು. ಬೇಕಾದುದು ಮೂರೇ ನಿಯಮ: ಎಲ್ಲರಿಗೂ ಒಂದೇ ಮತ, ಎಲ್ಲಕ್ಕೂ ಸರದಿ, ಬಚ್ಚಿಡುವುದಕ್ಕೆ ಗಡುವು.

೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಆ ನಡುಕ ನಮ್ಮ ಬೀದರ, ಕಲಬುರಗಿಗಳಿಗೂ ಮುಟ್ಟಿತು. ಭೂಮಿ ಗಡಿಯನ್ನು ನೋಡಿ ನಡುಗುವುದಿಲ್ಲ. ಅದನ್ನು ಓದಲು ಹೊರಟವರು ಮಾತ್ರ ಗಡಿ ಹಾಕಿಕೊಂಡು ಕುಳಿತರೆ ಓದು ಸಾಗುವುದಾದರೂ ಹೇಗೆ?

ನಾನು ಆ ಕಾಲೇಜನ್ನು ಬಿಡುವ ದಿನ ಕೊಠಡಿಯ ಬೀರುವನ್ನು ಇನ್ನೊಮ್ಮೆ ತೆರೆದು ನೋಡಿದೆ. ಚೀಟಿಗಳ ಶಾಯಿ ಮಾಸಿತ್ತು. ಶಿಲೆಗಳಿಗೆ ಏನೂ ಆಗಿರಲಿಲ್ಲ. ಸೂಕ್ಷ್ಮದರ್ಶಕಗಳ ಗಾಜಿಗೆ ಬೂಷ್ಟು ಹಿಡಿದಿತ್ತು. ದಾಸ್ತಾನು ಪುಸ್ತಕದಲ್ಲಿ ಅವು ನಾಲ್ಕೂ ಸರಿಯಾಗಿಯೇ ಇದ್ದವು.