ಚರ್ಚೆ ಗೆದ್ದವರು, ಚುನಾವಣೆ ಸೋತವರು

2024ರ ಸೆಪ್ಟೆಂಬರ್ 10ರ ರಾತ್ರಿ ಫಿಲಡೆಲ್ಫಿಯಾದಲ್ಲಿ ಕಮಲಾ ಹ್ಯಾರಿಸ್ ಮತ್ತು ಡೊನಾಲ್ಡ್ ಟ್ರಂಪ್ ಅವರ ಮುಖಾಮುಖಿ ಚರ್ಚೆ ಮುಗಿದಾಗ ಡೆಮಾಕ್ರಟಿಕ್ ಪಾಳೆಯದಲ್ಲಿ ಸಂಭ್ರಮ ಮನೆಮಾಡಿತ್ತು. ಸುಮಾರು 6.7 ಕೋಟಿ ಜನ ಟಿ.ವಿ.ಯಲ್ಲಿ ವೀಕ್ಷಿಸಿದ ಈ ಚರ್ಚೆಯ ಬೆನ್ನಲ್ಲೇ ಸಿಎನ್‌ಎನ್ ನಡೆಸಿದ ಸಮೀಕ್ಷೆಯಲ್ಲಿ, ಚರ್ಚೆ ನೋಡಿದ ಮತದಾರರ ಪೈಕಿ ಶೇ 63ರಷ್ಟು ಮಂದಿ ಹ್ಯಾರಿಸ್ ಅವರದೇ ಮೇಲುಗೈ ಎಂದರು. ಇದಾಗಿ ಎರಡು ತಿಂಗಳು ತುಂಬುವ ಮೊದಲೇ, ನವೆಂಬರ್ 5ರ ಚುನಾವಣೆಯಲ್ಲಿ, ಟ್ರಂಪ್ 312 ಎಲೆಕ್ಟೋರಲ್ ಮತಗಳನ್ನು ಗಳಿಸಿ ಗೆದ್ದರು. ಹ್ಯಾರಿಸ್ ಅವರಿಗೆ ದಕ್ಕಿದ್ದು 226.

ಚರ್ಚೆಯಲ್ಲಿ ಗೆದ್ದವರು ಚುನಾವಣೆಯಲ್ಲಿ ಸೋಲುವುದು ಹೊಸದಲ್ಲ. ಆದರೆ ಈ ವೈಪರೀತ್ಯ ಅಭ್ಯರ್ಥಿಗಿಂತ ಹೆಚ್ಚಾಗಿ ಬೆಂಬಲಿಗರ ಬಗ್ಗೆ ಒಂದು ಪ್ರಶ್ನೆಯನ್ನು ಎತ್ತುತ್ತದೆ. ತಮ್ಮ ಅಭ್ಯರ್ಥಿಯ ಮಾತನ್ನು ಬೆಂಬಲಿಗರು ಯಾವ ಅಳತೆಗೋಲಿನಿಂದ ಅಳೆಯುತ್ತಾರೆ? ವಿರೋಧಿಗಳ ಟೀಕೆಯನ್ನು ಯಾವ ಅಭ್ಯರ್ಥಿಯೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅವರು ಕೇಳುವುದು ತಮ್ಮವರ ಮಾತನ್ನು. ಆದ್ದರಿಂದ ಬೆಂಬಲಿಗರ ಮೌಲ್ಯಮಾಪನ ತಪ್ಪಿದರೆ ಪ್ರಚಾರದ ದಿಕ್ಕೇ ತಪ್ಪುತ್ತದೆ. ಅಮೆರಿಕದ ಇತ್ತೀಚಿನ ಮೂರು ಚರ್ಚೆಗಳು ಈ ದೃಷ್ಟಿಯಿಂದ ಅಧ್ಯಯನಯೋಗ್ಯವಾಗಿವೆ.

ಮೊದಲನೆಯದು 2012ರ ಅಕ್ಟೋಬರ್ 3ರಂದು ಡೆನ್ವರ್‌ನಲ್ಲಿ ಬರಾಕ್ ಒಬಾಮ ಮತ್ತು ಮಿಟ್ ರೊಮ್ನಿ ನಡುವೆ ನಡೆದದ್ದು. ಅಧಿಕಾರದಲ್ಲಿದ್ದ ಒಬಾಮ ಅಂದು ತಲೆತಗ್ಗಿಸಿ ಟಿಪ್ಪಣಿ ಬರೆದುಕೊಳ್ಳುತ್ತ, ನಿರುತ್ಸಾಹದಿಂದ ಮಾತನಾಡಿದರು. ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 72 ವೀಕ್ಷಕರು ರೊಮ್ನಿ ಅವರನ್ನೂ ಶೇ 20 ಮಂದಿ ಒಬಾಮ ಅವರನ್ನೂ ಮೆಚ್ಚಿದರು. ಮಾಜಿ ಉಪಾಧ್ಯಕ್ಷ ಅಲ್ ಗೋರ್ ಅವರು ಡೆನ್ವರ್ ನಗರ ಬಹಳ ಎತ್ತರದಲ್ಲಿರುವುದೂ ಇದಕ್ಕೆ ಕಾರಣವಿರಬಹುದೆಂದರು! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಗೋರ್ ಅವರ ಈ ಸಮಜಾಯಿಷಿಯನ್ನು ಒಬಾಮ ಬೆಂಬಲಿಗರೇ ಒಪ್ಪಲಿಲ್ಲ. ಒಬಾಮ ಪರ ಒಲವಿದ್ದ ಎಂಎಸ್‌ಎನ್‌ಬಿಸಿ ವಾಹಿನಿಯ ನಿರೂಪಕ ಕ್ರಿಸ್ ಮ್ಯಾಥ್ಯೂಸ್ ಅದೇ ರಾತ್ರಿ ತೆರೆಯ ಮೇಲೆಯೇ ತಮ್ಮ ಅಸಮಾಧಾನವನ್ನು ಹೊರಹಾಕಿದರು. ಅಮೆರಿಕನ್ನರ ಪೈಕಿ ಶೇ 47ರಷ್ಟು ಮಂದಿ ಸರ್ಕಾರವನ್ನೇ ಅವಲಂಬಿಸಿದವರೆಂದು ರೊಮ್ನಿ ಖಾಸಗಿ ಸಭೆಯೊಂದರಲ್ಲಿ ಹೇಳಿದ್ದು ಆ ವೇಳೆಗೆ ಜಗಜ್ಜಾಹೀರಾಗಿತ್ತು. ಅದನ್ನು ಒಬಾಮ ಒಮ್ಮೆಯೂ ಪ್ರಸ್ತಾಪಿಸಲಿಲ್ಲವೇಕೆ ಎಂದು ಬೆಂಬಲಿಗರು ನೇರವಾಗಿ ಕೇಳಿದರು. ತಾವು ಅತಿಯಾದ ಸೌಜನ್ಯ ತೋರಿದ್ದಾಗಿ ಒಬಾಮ ಅವರೇ ಕೆಲವು ದಿನಗಳಲ್ಲಿ ಒಪ್ಪಿಕೊಂಡರು. ಅಕ್ಟೋಬರ್ 16ರ ಎರಡನೆಯ ಚರ್ಚೆಯ ಕೊನೆಯ ಉತ್ತರದಲ್ಲಿ ಶೇ 47ರ ಮಾತು ಬಂತು; ನವೆಂಬರ್‌ನಲ್ಲಿ 332 ಎಲೆಕ್ಟೋರಲ್ ಮತಗಳ ಗೆಲುವೂ ಬಂತು. ಗೆಲುವಿಗೆ ಅದೊಂದೇ ಕಾರಣವಲ್ಲ. ಆದರೆ ತಪ್ಪನ್ನು ಸಕಾಲದಲ್ಲಿ ತಿದ್ದಿಕೊಳ್ಳಲು ತಮ್ಮವರ ನಿಷ್ಠುರ ಮಾತು ನೆರವಾಯಿತೆಂಬುದರಲ್ಲಿ ಸಂದೇಹವಿಲ್ಲ.

ಎರಡನೆಯ ನಿದರ್ಶನ ಇದಕ್ಕೆ ತದ್ವಿರುದ್ಧ. 2024ರ ಜೂನ್ 27ರಂದು ಅಟ್ಲಾಂಟಾದಲ್ಲಿ 81 ವರ್ಷದ ಅಧ್ಯಕ್ಷ ಜೋ ಬೈಡನ್ ಮಾತಿನ ಎಳೆಯನ್ನೇ ಕಳೆದುಕೊಂಡು ತಡವರಿಸಿದ್ದನ್ನು ಐದು ಕೋಟಿಗೂ ಹೆಚ್ಚು ಜನ ಕಂಡರು. ನೆಗಡಿಯಾಗಿತ್ತು, ಒಂದು ರಾತ್ರಿ ಕೆಟ್ಟಿತು ಅಷ್ಟೆ ಎಂಬ ಸಮರ್ಥನೆಗಳು ಕೂಡಲೇ ಹೊರಬಿದ್ದವು. ಸ್ವತಃ ಒಬಾಮ ಮರುದಿನ, ಚರ್ಚೆಯ ರಾತ್ರಿ ಕೆಡುವುದುಂಟು, ಅದು ನನಗೇ ಗೊತ್ತು ಎಂಬ ಅರ್ಥದಲ್ಲಿ ಧೈರ್ಯ ತುಂಬಿದರು. ಹೋಲಿಕೆ ಸದುದ್ದೇಶದ್ದಾದರೂ ಸರಿಯಾದುದಲ್ಲ. ಡೆನ್ವರ್‌ನಲ್ಲಿ ಕೊರತೆಯಿದ್ದದ್ದು ಸಿದ್ಧತೆಯಲ್ಲಿ. ಅದನ್ನು ಎರಡು ವಾರಗಳಲ್ಲಿ ತುಂಬಿಕೊಳ್ಳಬಹುದಿತ್ತು. ಅಟ್ಲಾಂಟಾದಲ್ಲಿ ಮತದಾರರು ಕಂಡದ್ದು ವಯೋಸಹಜ ಬಳಲಿಕೆಯನ್ನು. ಬೈಡನ್ ಅವರ ವಯಸ್ಸಿನ ಬಗ್ಗೆ ಜನರಿಗೆ ಆತಂಕವಿದೆಯೆಂದು ಸಮೀಕ್ಷೆಗಳು ಬಹಳ ಹಿಂದಿನಿಂದಲೂ ಹೇಳುತ್ತಿದ್ದವು. ಅದೇ ಕಾರಣವನ್ನು ಮುಂದಿಟ್ಟು ಪ್ರಾಥಮಿಕ ಚುನಾವಣೆಗಳಲ್ಲಿ ಸ್ಪರ್ಧಿಸಿದ್ದ ಸಂಸದ ಡೀನ್ ಫಿಲಿಪ್ಸ್ ಅವರನ್ನು ಪಕ್ಷ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕೊನೆಗೆ ಜುಲೈ 21ರಂದು ಬೈಡನ್ ಹಿಂದೆ ಸರಿದಾಗ ಚುನಾವಣೆಗೆ ಉಳಿದದ್ದು ಕೇವಲ 107 ದಿನ.

ಸರ್ಕಾರಿ ಸೇವೆಯಲ್ಲಿ ಕೆಲಸ ಮಾಡಿದವರಿಗೆ ಈ ವಿದ್ಯಮಾನ ಅಪರಿಚಿತವಲ್ಲ. ಮೇಲಿನವರಿಗೆ ರುಚಿಸುವಂತೆ ಕಡತದಲ್ಲಿ ಟಿಪ್ಪಣಿ ಬರೆಯುವ ಅಧಿಕಾರಿ ಅಂದಿನ ಮಟ್ಟಿಗೆ ನಿಷ್ಠಾವಂತನೆನಿಸಿಕೊಳ್ಳುತ್ತಾನೆ. ಯೋಜನೆ ಕುಸಿದುಬಿದ್ದಾಗ ಮಾತ್ರ, ಆಗಲೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ಮನೆಯೊಳಗೆ ಸಹ್ಯ. ಸಾರ್ವಜನಿಕ ಜೀವನದಲ್ಲಿ ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು.

ಮೂರನೆಯದಾದ ಫಿಲಡೆಲ್ಫಿಯಾ ಚರ್ಚೆಯಲ್ಲಿ ಬೆಂಬಲಿಗರ ತಪ್ಪು ಇನ್ನೂ ಸೂಕ್ಷ್ಮವಾದದ್ದು. ಹ್ಯಾರಿಸ್ ಅಂದು ಚೆನ್ನಾಗಿ ಮಾತನಾಡಿದ್ದು ನಿಜವೇ ಆಗಿತ್ತು. ಅವರ ಚುಚ್ಚುಮಾತಿಗೆ ಟ್ರಂಪ್ ಪದೇ ಪದೇ ಕೆರಳಿದರು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಲಸಿಗರು ಸಾಕುಪ್ರಾಣಿಗಳನ್ನು ತಿನ್ನುತ್ತಿದ್ದಾರೆಂಬ ಆಧಾರರಹಿತ ಆರೋಪವನ್ನೂ ಮಾಡಿದರು. ಮರುದಿನ ಡೆಮಾಕ್ರಟಿಕ್ ಬೆಂಬಲಿಗರ ಬಾಯಲ್ಲಿ ಇದೇ ಮಾತು. ಟ್ರಂಪ್ ಬೆಂಬಲಿಗರಾದರೋ ನಿರ್ವಾಹಕರು ಪಕ್ಷಪಾತಿಗಳೆಂದು ದೂರಿದರು; ಅದೂ ನೆಲ ಡೊಂಕು ಎಂಬ ವಾದವೇ. ಈ ಗದ್ದಲದಲ್ಲಿ ಎಲ್ಲರೂ ಮರೆತದ್ದು ಚರ್ಚೆಯ ಮೊದಲ ಪ್ರಶ್ನೆಯನ್ನು. ಆರ್ಥಿಕವಾಗಿ ಅಮೆರಿಕನ್ನರು ನಾಲ್ಕು ವರ್ಷಗಳ ಹಿಂದಿಗಿಂತ ಈಗ ಉತ್ತಮ ಸ್ಥಿತಿಯಲ್ಲಿದ್ದಾರೆಯೇ ಎಂದು ಹ್ಯಾರಿಸ್ ಅವರನ್ನು ಕೇಳಲಾಗಿತ್ತು. ತಾವು ಮಧ್ಯಮ ವರ್ಗದ ಕುಟುಂಬದಲ್ಲಿ ಬೆಳೆದವರೆಂದು ಆರಂಭಿಸಿ, ಅವರು ತಮ್ಮ ಯೋಜನೆಗಳನ್ನು ವಿವರಿಸಿದರು. ಪ್ರತಿಸ್ಪರ್ಧಿಯ ಆಮದು ಸುಂಕದ ನೀತಿಯನ್ನು ಟೀಕಿಸಿದರು. ಕೇಳಿದ ಪ್ರಶ್ನೆಗೆ ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಆ ಪ್ರಶ್ನೆಯ ಹಿಂದೆ ಸರಳವಾದ ಅರ್ಥಶಾಸ್ತ್ರವಿತ್ತು. 2022ರ ಜೂನ್‌ನಲ್ಲಿ ಶೇ 9.1ಕ್ಕೆ ಏರಿದ್ದ ಅಮೆರಿಕದ ಹಣದುಬ್ಬರ 2024ರ ಆಗಸ್ಟ್‌ನಲ್ಲಿ ಶೇ 2.5ಕ್ಕೆ ಇಳಿದಿತ್ತು. ಇದನ್ನೇ ಸಾಧನೆಯೆಂದು ಆಡಳಿತ ಪಕ್ಷ ಬಣ್ಣಿಸಿತು. ಆದರೆ ಹಣದುಬ್ಬರ ಇಳಿಯುವುದೆಂದರೆ ಬೆಲೆ ಇಳಿಯುವುದಲ್ಲ, ಬೆಲೆ ಏರುವ ವೇಗ ತಗ್ಗುವುದು ಮಾತ್ರ. 2021ರ ಆರಂಭಕ್ಕೆ ಹೋಲಿಸಿದರೆ ಒಟ್ಟಾರೆ ಬೆಲೆಮಟ್ಟ ಸುಮಾರು ಶೇ 20ರಷ್ಟು ಮೇಲೆಯೇ ಇತ್ತು. ಅಂಗಡಿಯಲ್ಲಿ ಹಣ ತೆರುವ ಗೃಹಿಣಿ ಲೆಕ್ಕ ಹಾಕುವುದು ವೇಗವನ್ನಲ್ಲ, ಬೆಲೆಯನ್ನು. ತನ್ನ ಕಷ್ಟವನ್ನು ಅಭ್ಯರ್ಥಿ ಅರಿತಿದ್ದಾರೆಯೇ ಎಂಬುದಷ್ಟೇ ಅವಳಿಗೆ ಬೇಕಿತ್ತು. ಅಕ್ಟೋಬರ್ 8ರಂದು ಟಿ.ವಿ. ಕಾರ್ಯಕ್ರಮವೊಂದರಲ್ಲಿ, ಬೈಡನ್ ಅವರಿಗಿಂತ ಭಿನ್ನವಾಗಿ ನೀವು ಏನನ್ನು ಮಾಡುತ್ತಿದ್ದಿರಿ ಎಂದು ಕೇಳಿದಾಗ, ಹ್ಯಾರಿಸ್ ತಮಗೆ ಏನೂ ಹೊಳೆಯುತ್ತಿಲ್ಲವೆಂದರು. ಫಿಲಡೆಲ್ಫಿಯಾದಲ್ಲಿ ಗೋಚರಿಸಿದ್ದ ಬಿರುಕು ಆಗ ಎಲ್ಲರಿಗೂ ಕಾಣುವಷ್ಟು ಅಗಲವಾಗಿತ್ತು. ಮೊದಲ ಪ್ರಶ್ನೆಗೆ ಉತ್ತರ ಸಿಗಲಿಲ್ಲವೆಂದು ಬೆಂಬಲಿಗರು ಸೆಪ್ಟೆಂಬರ್‌ನಲ್ಲೇ ಗಟ್ಟಿಯಾಗಿ ಹೇಳಿದ್ದರೆ, ಉತ್ತರ ಸಿದ್ಧಪಡಿಸಲು ನಾಲ್ಕು ವಾರ ಸಿಗುತ್ತಿತ್ತು.

ಒಂದು ಉತ್ತರದಿಂದ ಫಲಿತಾಂಶವೇ ಬದಲಾಗುತ್ತಿತ್ತೆಂದು ಹೇಳುವುದು ಅತಿಶಯೋಕ್ತಿಯಾದೀತು. ಬೆಲೆಯೇರಿಕೆಯ ಸಿಟ್ಟು ಆ ವರ್ಷ ಹಲವು ದೇಶಗಳಲ್ಲಿ ಆಡಳಿತ ಪಕ್ಷಗಳನ್ನು ಕಾಡಿತು. ಬ್ರಿಟನ್ನಿನಲ್ಲಿ ಕನ್ಸರ್ವೇಟಿವ್ ಪಕ್ಷ ಅಧಿಕಾರ ಕಳೆದುಕೊಂಡಿತು. ಜಪಾನಿನಲ್ಲಿ ಆಡಳಿತಾರೂಢ ಮೈತ್ರಿಕೂಟ ಕೆಳಮನೆಯಲ್ಲಿ ಬಹುಮತ ಕಳೆದುಕೊಂಡಿತು. ಗಾಳಿ ಎದುರಿಗೆ ಬೀಸುತ್ತಿದ್ದಾಗ ಚುಕ್ಕಾಣಿಯ ಲೋಪವನ್ನು ಗುರುತಿಸುವವರ ಅಗತ್ಯ ಇನ್ನಷ್ಟು ಹೆಚ್ಚು ಎಂಬುದಷ್ಟೇ ಇಲ್ಲಿನ ವಾದ.

ಬೆಂಬಲಿಗರೇ ಬಹಿರಂಗವಾಗಿ ಟೀಕಿಸಿದರೆ ಎದುರಾಳಿಯ ಕೈಗೆ ಅಸ್ತ್ರ ಕೊಟ್ಟಂತಾಗದೇ ಎಂಬ ಆಕ್ಷೇಪವುಂಟು. ಅದರಲ್ಲಿ ತಥ್ಯವಿಲ್ಲವೆನ್ನಲಾಗದು. ಆದರೆ ಕೋಟ್ಯಂತರ ಜನ ಕಣ್ಣಾರೆ ಕಂಡದ್ದನ್ನು ಮುಚ್ಚಿಡಲು ಯಾರಿಂದಲೂ ಆಗದು. ಮುಚ್ಚಿಡಲು ಹೊರಟವರು ಮತದಾರರ ವಿಶ್ವಾಸವನ್ನೂ ಕಳೆದುಕೊಳ್ಳುತ್ತಾರೆ.

ನಮ್ಮ ದೇಶದಲ್ಲಿ ನಾಯಕರ ಮುಖಾಮುಖಿ ಚರ್ಚೆಯ ಸಂಪ್ರದಾಯ ಇನ್ನೂ ಬೆಳೆದಿಲ್ಲ. 2024ರ ಲೋಕಸಭಾ ಚುನಾವಣೆಯ ವೇಳೆ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಷಾ ಹಾಗೂ ಪತ್ರಕರ್ತ ಎನ್. ರಾಮ್ ಅವರು ನರೇಂದ್ರ ಮೋದಿ ಮತ್ತು ರಾಹುಲ್ ಗಾಂಧಿ ಇಬ್ಬರನ್ನೂ ಸಾರ್ವಜನಿಕ ಚರ್ಚೆಗೆ ಆಹ್ವಾನಿಸಿದ್ದರು. ರಾಹುಲ್ ಒಪ್ಪಿದರಾದರೂ ಚರ್ಚೆ ನಡೆಯಲಿಲ್ಲ. ಆದರೂ ಸದನದ ಭಾಷಣಗಳನ್ನು, ಪ್ರಚಾರ ಸಭೆಗಳನ್ನು, ಸಂದರ್ಶನಗಳನ್ನು ನಾವು ದಿನವೂ ಅಳೆಯುತ್ತೇವೆ. ನಮ್ಮವರು ಅವರಿಗೆ ಸರಿಯಾಗಿ ತಿರುಗೇಟು ಕೊಟ್ಟರು ಎಂಬ ತೃಪ್ತಿಯಲ್ಲಿ ಆ ಅಳತೆ ಮುಗಿದುಹೋಗುತ್ತದೆ. ಇನ್ನು ಮುಂದೆ ಒಂದು ಪ್ರಶ್ನೆಯನ್ನು ಸೇರಿಸಿಕೊಳ್ಳುವುದೊಳಿತು: ತಿರುಗೇಟು ಇರಲಿ, ಜನ ಕೇಳಿದ್ದಕ್ಕೆ ಉತ್ತರ ಬಂತೇ? ಆ ಪ್ರಶ್ನೆಯನ್ನು ಎದುರಾಳಿಗಿಂತ ಮೊದಲು ನಮ್ಮ ನಾಯಕರಿಗೆ ಕೇಳಬೇಕಾದವರು ನಾವೇ.